ಬೀಗ ಬಿದ್ದ ಪುಸ್ತಕಗಳು

ಮಾಲೂರಿನಲ್ಲಿರುವ ನಮ್ಮ ಸೋದರಮಾವನವರು ನಿವೃತ್ತ ಉಪಾಧ್ಯಾಯರು. ಅವರಿಗೆ ಸಣ್ಣಕಥೆಗಳೆಂದರೆ ಪಂಚಪ್ರಾಣ. ಕಥೆಗಾರ ಮಾಸ್ತಿಯವರು ತಮ್ಮ ತಾಲ್ಲೂಕಿನವರೇ ಎಂಬ ಹೆಮ್ಮೆಯೂ ಅದರಲ್ಲಿ ಬೆರೆತಿದೆ. ಈಚೆಗೆ ಕಣ್ಣು ಮಂಜಾಗಿ ಅಚ್ಚಿನಕ್ಷರವನ್ನು ಓದಲಾರದೆ ಪೇಚಾಡುತ್ತಿದ್ದರು. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದಾದ ಓದುವ ಯಂತ್ರವೊಂದನ್ನು ಒಯ್ದು ಅವರ ಕೈಯಲ್ಲಿಟ್ಟೆ.

ನಾನು ಫೋನಿನಲ್ಲಿ ಕೊಂಡಿದ್ದ ಕಥಾಸಂಕಲನವೊಂದನ್ನು ಅದರೊಳಗೆ ಸೇರಿಸಹೋದರೆ ಅದು ಸೇರಲೊಲ್ಲದು.

“ಏನಪ್ಪಾ, ದುಡ್ಡು ಕೊಟ್ಟೆಯೋ ಇಲ್ಲವೋ?” ಎಂದರು ಮಾವ.

ಕೊಟ್ಟಿದ್ದೆ. ಆದರೆ ನಾನು ಕೊಂಡದ್ದು ಪುಸ್ತಕವನ್ನಲ್ಲ, ಆ ಅಂಗಡಿಯ ಆ್ಯಪಿನೊಳಗೆ ಕುಳಿತು ಓದುವ ಅಪ್ಪಣೆಯನ್ನು. ಪಠ್ಯವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಕೊಂಡವನ ಖಾತೆಗೆ ಗಂಟುಹಾಕಿರುತ್ತಾರೆ. ಡಿಆರ್‌ಎಂ ಎಂದು ಇದರ ಹೆಸರು. ಇಪಬ್‌ನಂತಹ ತೆರೆದ ಕಡತವಾದರೆ ‘ಕ್ಯಾಲಿಬರ್’ ಎಂಬ ಉಚಿತ ತಂತ್ರಾಂಶವು ನಿಮಿಷದೊಳಗೆ ಬೇರೆ ಯಂತ್ರಕ್ಕೆ ಹೊಂದುವಂತೆ ಮಾರ್ಪಡಿಸಿಕೊಡುತ್ತದೆ. ಬೀಗವಿದ್ದಲ್ಲಿ ಅದೂ ಕೈಚೆಲ್ಲುತ್ತದೆ.

ಬೀಗಕ್ಕೆ ಕಾರಣವಿಲ್ಲವೆಂದು ಹೇಳಲಾರೆ. ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು 1975ರಲ್ಲಿ ತೀರಿಕೊಂಡರು. ಅವರ ಬರಹಗಳಿಗೆ 2035ರ ಕೊನೆಯವರೆಗೆ ರಕ್ಷಣೆಯಿದೆ. 1986ರಲ್ಲಿ ಅಗಲಿದ ಮಾಸ್ತಿಯವರ ಬರಹಗಳಿಗೆ 2046ರ ಕೊನೆಯವರೆಗೆ. ಬರೆದವರ ಅನ್ನಕ್ಕೆ ಕನ್ನ ಹಾಕುವುದನ್ನು ಮಾವನವರಂತೂ ಒಪ್ಪುವವರಲ್ಲ. ಆದರೆ ಕೀಲಿ ಸದಾ ಅಂಗಡಿಯವನ ಸೊಂಟದಲ್ಲೇ ಇದ್ದರೆ ಕೊಂಡವನ ಗತಿ? 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ತಾನು ಮಾರಿದ್ದ ಜಾರ್ಜ್ ಆರ್ವೆಲರ ಕಾದಂಬರಿಯ ಪ್ರತಿಗಳನ್ನು ಓದುಗರ ಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ, ಹಣವನ್ನು ಹಿಂದಿರುಗಿಸಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗಲೂ ಹಣ ಬಂತು, ಪುಸ್ತಕಗಳು ಹೋದವು.

1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಅದೇ ತಿದ್ದುಪಡಿಯು, ಅಂಗವೈಕಲ್ಯದಿಂದ ಓದಲಾಗದವರಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶವನ್ನೂ ಕೊಟ್ಟಿದೆ. ಕಾಯಿದೆ ಬಾಗಿಲು ತೆರೆದಿಟ್ಟರೂ ಕೀಲಿ ಕೊಡುವವರು ಬೇಕಲ್ಲ! ಅಂಗಡಿಗೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ಈಗ ಮಾವನವರು ಮೊಮ್ಮಗನ ದೊಡ್ಡ ಟ್ಯಾಬ್ಲೆಟ್ಟಿನಲ್ಲಿ, ಅದೇ ಆ್ಯಪಿನೊಳಗೆ, ಗೊಣಗುತ್ತ ಓದುತ್ತಾರೆ.

ಹೀಗಿರುವಾಗ ಅವರು ಒಳಗಿನಿಂದ ಒಂದು ಸಿ.ಡಿ. ತಂದರು. ಮುಳಬಾಗಿಲಿನ ಕಡೆಯವರಾದ ನಮ್ಮತ್ತೆ ಹಸೆಹಾಡು, ಆರತಿಹಾಡುಗಳ ಕಣಜ. ಅವರು ಹೇಳುತ್ತ ಹೋದದ್ದನ್ನು 2004ರಲ್ಲಿ ಮಗ ‘ನುಡಿ’ಯಲ್ಲಿ ಬೆರಳಚ್ಚು ಮಾಡಿದ್ದ. ಅತ್ತೆ ಈಗಿಲ್ಲ. ಕಡತ ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ! ಇದಕ್ಕೆ ಯಾರೂ ಬೀಗ ಹಾಕಿರಲಿಲ್ಲ. ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಯೂನಿಕೋಡಿನಲ್ಲಾದರೋ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಸ್ವಂತ ಮನೆಯಿದೆ.

ಕೋಲಾರದಿಂದ ಬಂದ ಮೊಮ್ಮಗನು ಪರಿವರ್ತಕವೊಂದನ್ನು ಓಡಿಸಿದ. ಹಾಡುಗಳು ಮೂಡಿದವು, ಅರ್ಕಾವತ್ತುಗಳು ಮಾತ್ರ ಕೈಕೊಟ್ಟವು. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿ, ಗುರುತನ್ನು ಮಾತ್ರ ಯಕಾರದ ಬಲಕ್ಕೆ ಇಡುತ್ತೇವಲ್ಲವೆ? ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನೇ ನೆಚ್ಚಿತ್ತು. ಯೂನಿಕೋಡು ಉಚ್ಚಾರದ ಕ್ರಮವನ್ನು ಬೇಡುತ್ತದೆ. ಪರಿವರ್ತಕ ಎಡವಿದ ಕಡೆಗಳಲ್ಲೆಲ್ಲ ಮೂರು ಸಂಜೆ ಕುಳಿತು ತಿದ್ದಿದೆವು. ಆಮೇಲೆ ಇಪಬ್ ಮಾಡಿ ಯಂತ್ರಕ್ಕೆ ಹಾಕಿದೆವು. ತಕರಾರಿಲ್ಲದೆ ತೆರೆಯಿತು.

ಮಾವನವರು ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಂಡು, ತುಟಿಯಲ್ಲೇ ಹಾಡುತ್ತ ಹೋದರು. ಒಂದು ಹಾಡಿನ ನಡುವೆ ನಿಂತರು.

“ಇದನ್ನು ಅವಳು ಶ್ರೀನಿವಾಸಪುರದ ಮದುವೆಯಲ್ಲಿ ಹಾಡಿದ್ದು. ಇಲ್ಲೊಂದು ನುಡಿ ಬಿಟ್ಟುಹೋಗಿದೆ. ಹೇಳುತ್ತೇನೆ, ಬರೆದುಕೋ.”