ಆಳು, ಆಳ್ದ, ಮುಂದಾಳು

ಕನ್ನಡದಲ್ಲಿ 'ಆಳು' ಎಂಬುದೊಂದು ವಿಚಿತ್ರವಾದ ಶಬ್ದ. ಕ್ರಿಯಾಪದವಾಗಿ ನಿಂತಾಗ ಅದು ಅರಸನ ಕೆಲಸವನ್ನು ಹೇಳುತ್ತದೆ. ನಾಮಪದವಾಗಿ ನಿಂತಾಗ ಅರಸನ ಬಾಗಿಲು ಕಾಯುವವನನ್ನು ಸೂಚಿಸುತ್ತದೆ. ಹಳಗನ್ನಡದಲ್ಲಿ ಒಡೆಯನು 'ಆಳ್ದಂ', ಅವನಿಗಾಗಿ ಪ್ರಾಣ ಕೊಡುವ ಭಟನು 'ಆಳ್'. ಹೊಸಗನ್ನಡದ 'ಮುಂದಾಳು' ಎಂಬ ಮಾತನ್ನು ಮುಂದೆ ನಿಂತು ಆಳುವವನು ಎಂದು ನಾವು ಅರ್ಥಮಾಡುತ್ತೇವೆ. ಆದರೆ ವ್ಯಾಕರಣ ಹೇಳುವುದು ಬೇರೆ: ಎಲ್ಲರಿಗಿಂತ ಮುಂದೆ ನಡೆಯುವ ಆಳು, ಅಷ್ಟೇ.

'ಅಧಿಕಾರ'ದ ಕಥೆಯೂ ಹೀಗೆಯೇ. ವೇದಾಂತ ಗ್ರಂಥಗಳ ಮೊದಲಲ್ಲಿ ಈ ಶಾಸ್ತ್ರಕ್ಕೆ ಅಧಿಕಾರಿ ಯಾರು ಎಂಬ ವಿಚಾರ ಬರುತ್ತದೆ. ಅಲ್ಲಿ ಅಧಿಕಾರಿಯೆಂದರೆ ಅರ್ಹತೆ ಪಡೆದವನು, ಕಲಿಯಲು ಸಿದ್ಧನಾದವನು. ಕಾಲಾಂತರದಲ್ಲಿ ಅರ್ಹತೆ ಜಾರಿಹೋಗಿ, ಕುರ್ಚಿಯೊಂದು ಉಳಿಯಿತು. ಈ ಮಾತಿನ ಜಾರುವಿಕೆಯಿಂದ ಕಚೇರಿಯಲ್ಲಾದರೆ ಒಂದು ಕಡತ ತಡವಾದೀತು. ದವಾಖಾನೆಯಲ್ಲಿ ಅದರಿಂದ ಒಂದು ಜೀವವೇ ಹೋದೀತು. ಆದಕಾರಣ ಆಸ್ಪತ್ರೆಯ ಆಡಳಿತದಲ್ಲಿ ಅಧಿಕಾರ, ಪ್ರಭಾವ, ಮುಂದಾಳುತನಗಳ ವಿಚಾರವನ್ನು ವೈದ್ಯರಿಗೇ ಬಿಟ್ಟುಕೊಡದೆ, ಭಾಷೆಯ ವಿದ್ಯಾರ್ಥಿಗಳಾದ ನಾವೂ ಕೈಗೆತ್ತಿಕೊಂಡರೆ ತಪ್ಪಲ್ಲವೆಂದು ನನ್ನ ನಂಬಿಕೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲ 1845ರಲ್ಲಿದೆ. ಮುಂಬಯಿ ಇಲಾಖೆಯ ಆಡಳಿತದಲ್ಲಿ, ಬುದ್ಧಿಭ್ರಮಣೆಯಾದವರನ್ನು ಕೂಡಿಡುವ ಮನೆಯಾಗಿ ಅದು ಹುಟ್ಟಿತು. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಎಂದು ಚೇಷ್ಟೆ ಮಾಡುವುದನ್ನು ನಾವೆಲ್ಲ ಕೇಳಿದವರೇ. ವಿದ್ಯೆಗೂ ಸಂಗೀತಕ್ಕೂ ಹೆಸರಾದ ಊರು, ಜನರ ಬಾಯಲ್ಲಿ ಹೀಗೊಂದು ಬೀಗದ ಮನೆಯ ಹೆಸರೂ ಆಯಿತು.

ಬೀಗವೆಂದದ್ದು ಕೇವಲ ಅಲಂಕಾರಕ್ಕಲ್ಲ. 1912ರ ಭಾರತೀಯ ಹುಚ್ಚರ ಕಾಯಿದೆಯ ಮೇರೆಗೆ ರೋಗಿಯನ್ನು ಒಳಗೆ ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗುತ್ತಿತ್ತು. ಒಳಗೆ ಬಂದವನಿಗೆ ರೋಗಿಯ ಸ್ಥಾನಕ್ಕಿಂತ ಕೈದಿಯ ಸ್ಥಾನವೇ ಹೆಚ್ಚು ಹತ್ತಿರವಾಗಿತ್ತು. ಗೋಡೆ, ಬಾಗಿಲು, ಕಾವಲು, ಮತ್ತು ಇವೆಲ್ಲದರ ತುದಿಯಲ್ಲಿ ಕೀಲಿಕೈಯ ಗೊಂಚಲು ಹಿಡಿದ ಒಬ್ಬ ಮೇಲ್ವಿಚಾರಕ. ಅವನು ದಯಾಳುವಾಗಿದ್ದರೆ ಒಳಗಿನವರ ಪುಣ್ಯ, ಇಲ್ಲವಾದರೆ ಕೇಳುವವರಿಲ್ಲ. ಒಬ್ಬನ ಸ್ವಭಾವವನ್ನೇ ನೆಚ್ಚಿಕೊಂಡು ನೂರಾರು ಜನರ ಬಾಳು ನಿಂತಿರುವುದು, ಅಧಿಕಾರದ ಅತ್ಯಂತ ಸರಳವೂ ಅತ್ಯಂತ ಭಯಂಕರವೂ ಆದ ರೂಪ.

1959ರಲ್ಲಿ ಅಮೇರಿಕೆಯ ಫ್ರೆಂಚ್ ಮತ್ತು ರೇವನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಬ್ಬರ ಮೇಲೊಬ್ಬರ ಬಲ ಎಲ್ಲಿಂದ ಬರುತ್ತದೆಂದು ವಿಚಾರಿಸಿ ಐದು ಮೂಲಗಳನ್ನು ಗುರುತಿಸಿದರು: ದಂಡಿಸುವ ಶಕ್ತಿ, ಕೊಡುವ ಶಕ್ತಿ, ಪದವಿಯ ಮಾನ್ಯತೆ, ವಿದ್ಯೆಯ ಬಲ, ವ್ಯಕ್ತಿಯ ಮೇಲಿನ ಪ್ರೀತ್ಯಾದರ. ಹಳಗನ್ನಡ ಓದಿದವರಿಗೆ ಇದು ತೀರ ಹೊಸದೆನಿಸದು. ಅನ್ನವಿಕ್ಕಿದ ಒಡೆಯನ ಋಣಕ್ಕಾಗಿ ಹೋರಾಡುವುದನ್ನು ನಮ್ಮ ಹಿಂದಿನವರು 'ಜೋಳವಾಳಿ' ಎಂದರು. ಒಡೆಯನೊಡನೆಯೇ ಪ್ರಾಣ ಬಿಡುವೆನೆಂಬ ಪ್ರತಿಜ್ಞೆಯನ್ನು 'ವೇಳೆವಾಳಿ' ಎಂದರು. ಮೊದಲನೆಯದು ಕೊಡುವ ಕೈಯ ಬಲ, ಎರಡನೆಯದು ವ್ಯಕ್ತಿಯ ಮೇಲಿನ ಒಲವಿನ ಬಲ. ನಮ್ಮ ವೀರಗಲ್ಲುಗಳು ಇವೆರಡಕ್ಕೂ ಸಾಕ್ಷಿ ನುಡಿಯುತ್ತವೆ.

ದವಾಖಾನೆಯಲ್ಲಿ ಈ ಐದೂ ಬಲಗಳು ಒಂದೇ ಸೂರಿನಡಿ ಇರುತ್ತವೆ, ಆದರೆ ಒಂದೇ ಕೈಯಲ್ಲಿ ಇರುವುದಿಲ್ಲ. ವರ್ಗಾವಣೆಯ ಬೆದರಿಕೆ ಒಬ್ಬರ ಕೈಯಲ್ಲಿ, ಹಣದ ಚೀಲ ಇನ್ನೊಬ್ಬರ ಕೈಯಲ್ಲಿ, ಸಹಿಯ ಮಾನ್ಯತೆ ಮತ್ತೊಬ್ಬರಲ್ಲಿ. ಶಸ್ತ್ರಚಿಕಿತ್ಸೆಯ ವಿದ್ಯೆ ಇನ್ನಾರಲ್ಲೋ. ರೋಗಿಯ ವಿಶ್ವಾಸವಂತೂ ಅನೇಕ ವೇಳೆ ಹಾಸಿಗೆ ಹಾಸಿಕೊಡುವ ಆಯಾಳ ಪಾಲಿನದು! ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯದಂತಹ ದೊಡ್ಡ ಸಂಸ್ಥೆಯಲ್ಲಿ ಪಾಠ, ಚಿಕಿತ್ಸೆ, ಆಡಳಿತ ಮೂರೂ ಕೂಡಿಯೇ ನಡೆಯಬೇಕು. ಇವುಗಳನ್ನು ಹೊಂದಿಸುವವನೇ ಮುಂದಾಳು. ಬರಿಯ ಆಜ್ಞೆಯಿಂದ ಇದು ಆಗುವ ಕೆಲಸವಲ್ಲ.

ಬರಿಯ ವಿದ್ಯೆಯಿಂದಲೂ ಆಗುವುದಿಲ್ಲ. ಧಾರವಾಡದ ಆ ಮನೆ ಹುಟ್ಟಿದ ಎರಡೇ ವರ್ಷಕ್ಕೆ, 1847ರಲ್ಲಿ, ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಒಂದು ಸತ್ಯವನ್ನು ಕಂಡನು. ಹೆಣ ಕೊಯ್ದ ಕೈಯಿಂದಲೇ ವೈದ್ಯರು ಬಾಣಂತಿಯರನ್ನು ಮುಟ್ಟುವುದು ಅವರ ಸಾವಿಗೆ ಕಾರಣ. ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಿರೆಂದು ಅವನು ನಿಯಮ ಮಾಡಿದೊಡನೆ ಸಾವುಗಳು ಇಳಿದವು. ಆದರೂ ಹಿರಿಯರು ಒಪ್ಪಲಿಲ್ಲ. 'ನಿಮ್ಮ ಕೈಯೇ ಕೊಂದಿತು' ಎಂಬ ಮಾತನ್ನು ಯಾವ ಹಿರಿಯ ತಾನೆ ಕೇಳಿಯಾನು? ಸೆಮ್ಮೆಲ್‌ವೈಸನಲ್ಲಿ ವಿದ್ಯೆಯಿತ್ತು, ಪದವಿಯಿರಲಿಲ್ಲ. ಸತ್ಯವಿತ್ತು, ಒಲಿಸುವ ನುಡಿಯಿರಲಿಲ್ಲ. 1865ರಲ್ಲಿ ಅವನು ತೀರಿಕೊಂಡದ್ದು ಒಂದು ಹುಚ್ಚಾಸ್ಪತ್ರೆಯಲ್ಲಿ. ಅದೇ ಕಾಲದ ಫ್ಲಾರೆನ್ಸ್ ನೈಟಿಂಗೇಲಳಿಗೂ ದೊಡ್ಡ ಪದವಿ ಇರಲಿಲ್ಲ. ಆದರೆ ಕ್ರಿಮಿಯಾದ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಸತ್ತರೆಂಬುದನ್ನು ಅವಳು ಅಂಕಿಗಳ ಚಿತ್ರ ಬರೆದು ಮಂತ್ರಿಗಳ ಕಣ್ಣಮುಂದೆ ಹಿಡಿದಳು. ಪ್ರಭಾವವೆಂದರೆ ಇದು: ಪದವಿಯ ಹಂಗಿಲ್ಲದೆ ನಡೆಯುವ ಅಧಿಕಾರ.

ಇನ್ನು ಮುಂದಾಳುತನದ ಶೈಲಿಗಳು. 1939ರಲ್ಲಿ ಕರ್ಟ್ ಲೆವಿನ್ ಮತ್ತು ಅವನ ಸಂಗಡಿಗರು ಹುಡುಗರ ಗುಂಪುಗಳ ಮೇಲೆ ಪ್ರಯೋಗ ಮಾಡಿ ಮೂರು ಬಗೆಯನ್ನು ಗುರುತಿಸಿದರು: ಅಪ್ಪಣೆ ಕೊಡುವವನು, ಎಲ್ಲರನ್ನೂ ಕೇಳಿ ನಡೆಸುವವನು, ಏನಾದರೂ ಆಗಲೆಂದು ಕೈಬಿಡುವವನು. ಅಪಘಾತದ ವಾರ್ಡಿನಲ್ಲಿ ರಕ್ತ ಹರಿಯುತ್ತಿರುವಾಗ ಸಭೆ ಕರೆಯಲಾಗದು. ಅಲ್ಲಿ ಒಬ್ಬರ ಮಾತು ನಡೆಯಲೇಬೇಕು. ಅದೇ ಅಪ್ಪಣೆಯ ದನಿ ವರ್ಷಗಟ್ಟಲೆ ಉಳಿಯುವ ರೋಗಿಯ ಮುಂದೆ ನಿಂತರೆ ಅವನಲ್ಲಿ ಉಳಿದಿರುವ ಮನುಷ್ಯನೂ ಮುದುಡಿಹೋಗುತ್ತಾನೆ. ಯಾವ ದನಿಯನ್ನು ಎಲ್ಲಿ ಬಳಸಬೇಕೆಂಬ ಔಚಿತ್ಯವೇ ಇಲ್ಲಿಯೂ ಮುಖ್ಯ. ಕಾವ್ಯಮೀಮಾಂಸೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲಿಯೇ ಎರಡು ಬೇರೆ ಬೇರೆ ಮಾದರಿಗಳಿವೆ. ಬೀಳಗಿಯವರಾದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ, ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದುಂಟು. ಅವರ ಜೀವಮಾನದ ಶಸ್ತ್ರಚಿಕಿತ್ಸೆಗಳ ಎಣಿಕೆ 6 ಲಕ್ಷವನ್ನು ಮೀರಿತು. ಜನ ಬಂದದ್ದು ಆ ಹೆಸರನ್ನು ನಂಬಿ. ದುಡಿಯುವವರು ದುಡಿದದ್ದು ಆ ವ್ಯಕ್ತಿಯ ವರ್ಚಸ್ಸಿಗೆ ಮನಸೋತು. ಇದು ವೇಳೆವಾಳಿಯ ಮುಂದಾಳುತನ. ಇನ್ನೊಂದು ಬಳ್ಳಾರಿಯದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿ ಮಾನಸಿಕ ರೋಗದ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಪ್ರಯೋಗವೇ ಮಾದರಿಯಾಯಿತು. ಇಲ್ಲಿ ನಾಯಕನ ಹೆಸರು ಜನರಿಗೆ ಗೊತ್ತಿಲ್ಲ. ಹಂಚಿಕೊಟ್ಟ ವಿದ್ಯೆ ಮಾತ್ರ ಉಳಿಯಿತು. ಮೊದಲನೆಯ ಬಗೆಯದು ದೀಪಸ್ತಂಭ, ಎರಡನೆಯದು ಹಣತೆಯಿಂದ ಹಣತೆಗೆ ಹಚ್ಚಿದ ಬೆಳಕು. ಕತ್ತಲೆಗೆ ಎರಡೂ ಬೇಕು. ಆದರೆ ಸ್ತಂಭ ಬಿದ್ದ ಮೇಲೆ ಕೆಲಸಕ್ಕೆ ಬರುವುದು ಹಣತೆಯೇ.

ವಿದ್ಯೆಯನ್ನು ಹಂಚುವುದಕ್ಕಿಂತ ಮಾತನ್ನು ಹಂಚುವುದು ಕಷ್ಟ. ಕೆಲವು ವರ್ಷಗಳ ಹಿಂದೆ ಸೋದರಮಾವನವರ ಶುಶ್ರೂಷೆಗೆಂದು ಒಂದು ಆಸ್ಪತ್ರೆಯಲ್ಲಿ ನಾನು ನಾಲ್ಕು ರಾತ್ರಿ ಕಳೆಯಬೇಕಾಯಿತು. ಒಂದು ರಾತ್ರಿ ಪಾಳಿಯ ನರ್ಸ್ ತಾಯಿ ಔಷಧದ ಚೀಟಿಯನ್ನು ಎರಡು ಸಲ ದೀಪಕ್ಕೆ ಹಿಡಿದು ನೋಡಿ, ಸುಮ್ಮನೆ ನಿಂತರು. ಏನೆಂದು ಕೇಳಿದೆ. 'ಪ್ರಮಾಣ ಜಾಸ್ತಿ ಅನಸ್ತದ ಸರ. ಆದ್ರ ದೊಡ್ಡ ಡಾಕ್ಟರು ಬರದದ್ದು, ನಾ ಹೆಂಗ ಕೇಳ್ಲಿ?' ಎಂದರು. ಕೊನೆಗೆ ಅಲ್ಲಿಯೇ ಇದ್ದ ಒಬ್ಬ ತರುಣ ವೈದ್ಯರು ಧೈರ್ಯ ಮಾಡಿ ಫೋನು ಹಚ್ಚಿದರು, ಪ್ರಮಾಣ ತಿದ್ದಲ್ಪಟ್ಟಿತು. ಆ ಇಪ್ಪತ್ತು ನಿಮಿಷ ಆ ವಾರ್ಡಿನಲ್ಲಿ ಔಷಧಕ್ಕೆ ಕೊರತೆಯಿರಲಿಲ್ಲ, ವಿದ್ಯೆಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕೆಳಗಿನವರು ಮೇಲಿನವರನ್ನು ಕೇಳಬಹುದೆಂಬ ಅಪ್ಪಣೆಗೆ.

ಈ ಕೊರತೆ ನಮ್ಮದೊಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿತು. ಕತ್ತರಿ ಹಿಡಿಯುವ ಮೊದಲು ಕೊಠಡಿಯಲ್ಲಿದ್ದವರೆಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲೊಂದು. ಎಂಟು ನಗರಗಳ ಆಸ್ಪತ್ರೆಗಳಲ್ಲಿ, ಅವುಗಳಲ್ಲಿ ದಿಲ್ಲಿಯೂ ಒಂದು, ಈ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ವರದಿಯಾಯಿತು. ಹೆಸರು ಹೇಳಿದುದೊಂದರಿಂದಲೇ ಇದಾಯಿತೆನ್ನಲಾಗದು. ಆದರೆ ಒಮ್ಮೆ ಬಾಯಿ ತೆರೆದು ಹೆಸರು ಹೇಳಿದವರಿಗೆ, ಮುಂದೆ ತಪ್ಪು ಕಂಡಾಗ ಬಾಯಿ ತೆರೆಯುವುದು ಸುಲಭ.

ಎಲ್ಲರಿಗಿಂತ ಕೆಳಗಿರುವವನು ರೋಗಿ. ಅವನ ಕೈಗೂ ಅಧಿಕಾರದ ಒಂದು ಪಾಲು ಬರಬಹುದೇ? 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿಯೇ ಡೇರೆ ಹಾಕಿಸಿ, ರೋಗಿಗಳ ಬಂಧುಗಳನ್ನು ಅವರೊಡನೆ ಇರಿಸಿದರು. ಕೀಲಿಕೈ ಹಿಡಿದವನೇ ಬಾಗಿಲು ತೆರೆದ ಪ್ರಸಂಗವಿದು. ಒಬ್ಬರ ಔದಾರ್ಯವಾಗಿದ್ದುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಲ್ಲಿ ಹಕ್ಕಿನ ರೂಪ ತಾಳಿತು. ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕು, ತನ್ನ ಪರವಾಗಿ ಮಾತಾಡುವವರನ್ನು ತಾನೇ ಆರಿಸುವ ಹಕ್ಕು ರೋಗಿಗೆ ದೊರೆಯಿತು. ಸರಪಳಿಯಿಂದ ಕಟ್ಟುವುದು ನಿಷಿದ್ಧವಾಯಿತು. ಚಿಕಿತ್ಸಾಲಯದ ನಿರ್ಣಯವನ್ನು ಪ್ರಶ್ನಿಸಲು ನೇಮಕವಾಗುವ ಪರಿಶೀಲನಾ ಮಂಡಲಿಯಲ್ಲಿ ನ್ಯಾಯಾಧೀಶರ ಮತ್ತು ವೈದ್ಯರ ಜೊತೆಗೆ, ಮಾನಸಿಕ ರೋಗವನ್ನು ಸ್ವತಃ ಅನುಭವಿಸಿದವರಿಗೂ ಅವರನ್ನು ನೋಡಿಕೊಂಡವರಿಗೂ ಸ್ಥಾನ ಕಲ್ಪಿಸಲಾಯಿತು. 1912ರ ಕಾಯಿದೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ನೂರು ವರ್ಷಗಳಲ್ಲಿ ಅಧಿಕಾರ ನಡೆದ ದೂರ ತಿಳಿಯುತ್ತದೆ.

ಧಾರವಾಡದ ಆ ಹಳೆಯ ಮನೆಯೂ ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ಅಲ್ಲಿ ತರುಣರು ಮನೋವೈದ್ಯಶಾಸ್ತ್ರವನ್ನು ಕಲಿಯುತ್ತಾರೆ. ಹೆಸರು ಬದಲಾಗುವುದು ಸುಲಭ, ಕಾಯಿದೆ ಬರೆಯುವುದು ಅದಕ್ಕಿಂತ ಕಷ್ಟ; ಕಾಯಿದೆಯ ಅಕ್ಷರ ರಾತ್ರಿ ಪಾಳಿಯ ವಾರ್ಡಿನವರೆಗೆ ನಡೆದು ಹೋಗುವುದು ಎಲ್ಲಕ್ಕಿಂತ ಕಷ್ಟ. ಅದನ್ನು ನಡೆಸಿಕೊಂಡು ಹೋಗಬೇಕಾದವನೇ ಮುಂದಾಳು. ಅವನ ಯೋಗ್ಯತೆಯನ್ನು ಅಳೆಯಲು ಅವನ ಕೋಣೆಯ ಬಾಗಿಲ ಫಲಕವನ್ನು ಓದಬೇಕಾಗಿಲ್ಲ. ಅವನ ದವಾಖಾನೆಯಲ್ಲಿ, ನಡುರಾತ್ರಿಯಲ್ಲಿ, ಎಲ್ಲರಿಗಿಂತ ಕಿರಿಯಳಾದ ನರ್ಸೊಬ್ಬಳು 'ಇದು ಸರಿ ಕಾಣವಲ್ದು' ಎಂದು ಅಂಜದೆ ಹೇಳಬಲ್ಲಳೇ ಎಂದು ವಿಚಾರಿಸಿದರೆ ಸಾಕು.