ಅಧಿಕಾರ ಪತ್ರ: ಸಹಿ ಹಾಕುವ ಮುನ್ನ ತಿಳಿದಿರಲಿ

ಜಮೀನು ಒಂದೂರಿನಲ್ಲಿ, ಮಾಲೀಕರು ಇನ್ನೊಂದೂರಿನಲ್ಲಿ ಇರುವುದು ಇಂದು ಸಾಮಾನ್ಯ. ವಯಸ್ಸಾದವರಿಗೆ ಕಚೇರಿ, ಕೋರ್ಟುಗಳಿಗೆ ಅಲೆಯುವುದು ಕಷ್ಟ. ಅಂಥವರು ತಮ್ಮ ಪರವಾಗಿ ವ್ಯವಹರಿಸಲು ಮತ್ತೊಬ್ಬರಿಗೆ ಬರೆದುಕೊಡುವುದೇ ಅಧಿಕಾರ ಪತ್ರ. ಇದನ್ನು ಮುಖ್ತ್ಯಾರ ಪತ್ರ, ಪವರ್ ಆಫ್ ಅಟಾರ್ನಿ ಎಂದೂ ಕರೆಯುವರು. ಪತ್ರದ ಮಿತಿಯೊಳಗೆ ಅಧಿಕಾರ ಪಡೆದವರು ಮಾಡಿದ ಸಹಿ ಬರೆದುಕೊಟ್ಟವರದೇ ಸಹಿಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡುವುದು ಲೇಸು.

ಮೂರು ಬಗೆ

೧. ವಿಶೇಷ ಅಧಿಕಾರ ಪತ್ರ: ಇದು ಒಂದೇ ಗೊತ್ತಾದ ಕೆಲಸಕ್ಕೆ. ಉದಾಹರಣೆಗೆ, ವಿಭಾಗ ಪತ್ರವನ್ನು ನೋಂದಣಿಗೆ ಹಾಜರುಪಡಿಸುವುದು. ಆ ಕೆಲಸ ಮುಗಿದೊಡನೆ ಅಧಿಕಾರವೂ ಮುಗಿಯುತ್ತದೆ.

೨. ಸಾಮಾನ್ಯ ಅಧಿಕಾರ ಪತ್ರ: ಇದೇ ಜಿ.ಪಿ.ಎ. ಸಾಗುವಳಿ ಮಾಡಿಸುವುದು, ಕಂದಾಯ ಕಟ್ಟುವುದು, ಫಸಲು ಮಾರುವುದು, ದಾವೆ ನಡೆಸುವುದು ಮೊದಲಾದ ಹಲವು ಕೆಲಸಗಳು ಇದರಲ್ಲಿ ಸೇರುತ್ತವೆ. ಉಸ್ತುವಾರಿ ಮಾತ್ರ ವಹಿಸುವುದಾದರೆ, ಜಮೀನು ಮಾರುವ ಮತ್ತು ಅಡವಿಡುವ ಮಾತು ಪತ್ರದಲ್ಲಿ ಇರಕೂಡದು. ಅಚ್ಚಾದ ನಮೂನೆಯಲ್ಲಿ ಅವು ಇದ್ದರೆ ಸಹಿಗೆ ಮುಂಚೆಯೇ ಹೊಡೆದುಹಾಕಿಸಿರಿ.

೩. ರದ್ದುಪಡಿಸಲಾಗದ ಅಧಿಕಾರ ಪತ್ರ: ಇದರಲ್ಲಿ ಬಹಳ ಎಚ್ಚರ ಬೇಕು. ಸಾಲಗಾರನು ತನ್ನ ಜಮೀನನ್ನು ಮಾರಿ ಬಾಕಿ ಮುರಿದುಕೊಳ್ಳುವಂತೆ ಸಾಲ ಕೊಟ್ಟವನಿಗೇ ಅಧಿಕಾರ ಬರೆದುಕೊಟ್ಟನೆನ್ನಿ. ೧೮೭೨ರ ಕರಾರು ಕಾಯಿದೆಯ ೨೦೨ನೇ ಕಲಮಿನಂತೆ, ಆತನು ಅದನ್ನು ಹಿಂತೆಗೆದುಕೊಳ್ಳಲಾರ. ಸತ್ತರೂ ಅಧಿಕಾರ ಹೋಗದು. ಆದರೆ ಇಂಥ ಹಿತಾಸಕ್ತಿ ಇಲ್ಲದಿರುವಾಗ, 'ರದ್ದುಪಡಿಸಲಾಗದು' ಎಂಬ ಬರಹ ಮಾತ್ರದಿಂದ ಪತ್ರ ಹಾಗಾಗುವುದಿಲ್ಲ.

ಜಿ.ಪಿ.ಎ. ಕ್ರಯವಲ್ಲ

ಹಣ ಕೊಟ್ಟು, ಕ್ರಯಪತ್ರದ ಬದಲು ಜಿ.ಪಿ.ಎ. ಬರೆಸಿಕೊಂಡು ಜಮೀನು ತಮ್ಮದಾಯಿತೆಂದು ತಿಳಿದವರಿದ್ದಾರೆ. ಇದರಿಂದ ಮಾಲೀಕತ್ವ ಬರುವುದಿಲ್ಲವೆಂದು ೨೦೧೧ರ ಅಕ್ಟೋಬರ್ ೧೧ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಕೊಳ್ಳುವವರು ನೋಂದಾಯಿತ ಕ್ರಯಪತ್ರವನ್ನೇ ಪಡೆಯಬೇಕು. ಅಧಿಕಾರ ಪತ್ರ ಉಳ್ಳವರು ಮಾಲೀಕರ ಪರವಾಗಿ ಕ್ರಯಪತ್ರ ಮಾಡಿಕೊಡುವುದಾದರೆ, ಮಾಲೀಕರು ಬದುಕಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೂರನೆಯ ಬಗೆಯನ್ನು ಬಿಟ್ಟರೆ, ಬರೆದುಕೊಟ್ಟವರು ಮರಣ ಹೊಂದಿದಾಗ ಅಥವಾ ಬುದ್ಧಿಸ್ವಾಧೀನ ಕಳೆದುಕೊಂಡಾಗ ಅಧಿಕಾರ ಕೊನೆಗೊಳ್ಳುತ್ತದೆ.

ರದ್ದು ಮಾಡುವ ಕ್ರಮ

ನಂಬಿಕೆ ತಪ್ಪಿದರೆ ಮನಸ್ಸಿನಲ್ಲಿ ಬೇಡವೆಂದುಕೊಂಡರೆ ಸಾಲದು. ರದ್ದತಿ ಪತ್ರ ಬರೆಸಿ, ಮೂಲ ಪತ್ರ ನೋಂದಣಿಯಾಗಿದ್ದರೆ ಇದನ್ನೂ ನೋಂದಾಯಿಸಿರಿ. ಅಧಿಕಾರ ಪಡೆದವರಿಗೆ ನೋಟೀಸು ಕೊಟ್ಟು, ಅವರೊಡನೆ ವ್ಯವಹರಿಸುತ್ತಿದ್ದ ಬ್ಯಾಂಕು, ಸಹಕಾರ ಸಂಘ, ವರ್ತಕರಿಗೂ ತಿಳಿಸಿರಿ. ರದ್ದಾದ ವಿಷಯ ತಿಳಿಯದೆ ವ್ಯವಹರಿಸಿದ ಮೂರನೆಯವರಿಗೆ ಕಾಯಿದೆಯ ರಕ್ಷಣೆ ಇದೆ.

ಗಮನಿಸಬೇಕಾದ ಅಂಶಗಳು

* ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಕೊಟ್ಟ ಅಧಿಕಾರಗಳು, ಅವಧಿ ಇವೆಲ್ಲವನ್ನೂ ಸ್ಪಷ್ಟವಾಗಿ ಬರೆಸಿರಿ.
* ಲೆಕ್ಕ ಒಪ್ಪಿಸಬೇಕೆಂಬ ಷರತ್ತನ್ನು ಸೇರಿಸಿರಿ.
* ಇನ್ನೊಬ್ಬರ ಮೂಲಕ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಾದರೆ, ಅದರ ಅಧಿಕಾರ ಪತ್ರವನ್ನು ನಿಮ್ಮ ವಾಸಸ್ಥಳದ ಉಪನೋಂದಣಾಧಿಕಾರಿಯ ಮುಂದೆಯೇ ಮಾಡಿ ದೃಢೀಕರಿಸಿಕೊಳ್ಳಿ. ಹೊರದೇಶದಲ್ಲಿ ಇರುವವರು ಅಲ್ಲಿನ ನೋಟರಿ ಅಥವಾ ಭಾರತೀಯ ರಾಯಭಾರ ಕಚೇರಿಯ ಕಾನ್ಸಲ್ ಮುಂದೆ ಮಾಡಬಹುದು.
* ಖಾಲಿ ಛಾಪಾ ಕಾಗದಕ್ಕೆ ಎಂದಿಗೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.
* ಪತ್ರವನ್ನು ಪೂರ್ತಿ ಓದಿಸಿ ಕೇಳಿ, ಒಂದು ನಕಲನ್ನು ಮನೆಯಲ್ಲಿಡಿ.

ಮಾರಾಟದ ಅಧಿಕಾರ ಕೊಡುವ ಮುನ್ನ ನಿಮ್ಮ ವಕೀಲರ ಸಲಹೆ ಪಡೆಯಿರಿ. ಅದಕ್ಕೆ ಆಗುವ ಖರ್ಚು, ಮುಂದೆ ಜಮೀನಿಗಾಗಿ ವರ್ಷಗಟ್ಟಲೆ ದಾವೆ ಹೂಡುವ ಖರ್ಚಿನ ಮುಂದೆ ಅಲ್ಪವೇ ಸರಿ.