ಮೂವರು ರಷ್ಯನ್ನರು ಮತ್ತು ನಮ್ಮ ಮೈಸೂರಿನ ಮಹಾರಾಜರು

ಹೋದ ತಿಂಗಳ ಒಂದು ಭಾನುವಾರ ಮೆಹದಿಪಟ್ಟಣಂನ ನಮ್ಮ ರೂಮಿನಲ್ಲಿ ಕೂಟದ ಐದಾರು ಜನ ಸೇರಿದ್ದೆವು. ಕೆಳಗೆ ಬಸ್ಸುಗಳ ಹಾರನ್ನು, ಮೇಲೆ ನಮ್ಮ ಚಹಾ ಮತ್ತು ಚರ್ಚೆ. ಮಾತು ಕಾವ್ಯದಿಂದ ಸಂಗೀತಕ್ಕೆ ಹೊರಳಿತು. ಮೊಬೈಲಿನಲ್ಲಿ ಒಂದಾದ ಮೇಲೊಂದು ಮೂರು ಪಿಯಾನೋ ತುಣುಕು ಹಾಕಿದೆ. ಮೂರೂ ರಷ್ಯನ್ನರವು, ಹೆಚ್ಚುಕಡಿಮೆ ಒಂದೇ ಕಾಲದವು. ಕಲಬುರಗಿ ಕಡೆಯ ಗೆಳೆಯ ಕೇಳಿ, "ಚಲೋ ಅದಾವ. ಆದ್ರ ಇವರೊಳಗ ದೊಡ್ಡಾಂವ ಯಾರು, ಒಂದ ಮಾತಿನಾಗ ಹೇಳು" ಅಂದ. ನಾನು ಹೇಳಲಿಲ್ಲ. ಹೇಳಲಾಗಲಿಲ್ಲ ಅನ್ನೋದೇ ಸರಿ. ಒಂದು ಮಾತಿನಲ್ಲಿ ಆಗದ್ದನ್ನು ಎರಡು ಮೂರು ಪುಟದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಆ ಕಾಲದ ಸಮಸ್ಯೆ ಏನು ಅಂತ ನೋಡೋಣ. ನಮ್ಮ ಸಂಗೀತದಲ್ಲಿ ಷಡ್ಜ ಇದೆ. ತಂಬೂರಿ ಅದನ್ನು ಕಚೇರಿ ಪೂರ್ತಿ ನುಡಿಸುತ್ತಲೇ ಇರುತ್ತದೆ. ಹಾಡುವವರು ಎಲ್ಲಿಗೆ ಹೋದರೂ ಮನೆ ಎಲ್ಲಿದೆ ಅಂತ ನಮಗೆ ಗೊತ್ತು. ಪಾಶ್ಚಾತ್ಯ ಸಂಗೀತದಲ್ಲೂ ಇಂಥ ಮನೆಯ ಸ್ವರವೊಂದು ಉಂಟು. ಆದರೆ ಅಲ್ಲಿ ತಂಬೂರಿ ಇಲ್ಲ. ಹಾಗಾಗಿ ಕೃತಿಯ ನಡುವೆ ಮನೆಯನ್ನೇ ಬದಲಾಯಿಸಬಹುದು, ಅಲೆದಾಡಿ ಕೊನೆಗೆ ಹಿಂತಿರುಗಬಹುದು. ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಸಂಗೀತಗಾರರು ಈ ಅಲೆದಾಟವನ್ನು ಹೆಚ್ಚಿಸುತ್ತಾ ಹೋದರು. ಶತಮಾನ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಎದುರಾಯಿತು: ಇಷ್ಟು ದೂರ ಬಂದ ಮೇಲೆ ಹಿಂತಿರುಗಲೇಬೇಕೆ? ವಿಯೆನ್ನಾದ ಷೋಯನ್‌ಬರ್ಗ್ 1908ರ ಸುಮಾರಿಗೆ "ಬೇಡ" ಎಂಬ ಉತ್ತರಕ್ಕೆ ಬಂದ. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್ಸ್ಕಿಯ ವಸಂತೋತ್ಸವದ ಬ್ಯಾಲೆ ಮೊದಲ ಬಾರಿ ನಡೆದಾಗ ರಂಗಮಂದಿರದಲ್ಲೇ ಗಲಾಟೆಯಾಯಿತು. ಆಧುನಿಕ ಸಂಗೀತ ಹುಟ್ಟಿತ್ತು.

ಇದೇ ಪ್ರಶ್ನೆ ಮಾಸ್ಕೋ ಕನ್ಸರ್ವೇಟರಿಯಲ್ಲಿ ಕಲಿತ ಮೂವರ ಎದುರಿಗೂ ಬಂತು. ಸೆರ್ಗೆಯ್ ರಾಖ್ಮನಿನೋವ್ ಮತ್ತು ಅಲೆಕ್ಸಾಂಡರ್ ಸ್ಕ್ರಿಯಾಬಿನ್ ಸಹಪಾಠಿಗಳು, 1892ರಲ್ಲಿ ಕಲಿಕೆ ಮುಗಿಸಿದವರು. ನಿಕೊಲಾಯ್ ಮೆಟ್ನರ್ ಅವರಿಗಿಂತ ಚಿಕ್ಕವನು, ಮುಗಿಸಿದ್ದು 1900ರಲ್ಲಿ. ಒಂದೇ ಮನೆ, ಮೂರು ದಾರಿ.

ರಾಖ್ಮನಿನೋವನ (1873-1943) ಶಕ್ತಿ ಇರುವುದು ಉದ್ದನೆಯ ರಾಗದಲ್ಲಿ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅದು ಇನ್ನೊಂದು ತಿರುವು ತಗೊಳ್ಳುತ್ತದೆ. 1897ರಲ್ಲಿ ಅವನ ಮೊದಲ ಸಿಂಫನಿ ನೆಲಕಚ್ಚಿ, ಸುಮಾರು ಮೂರು ವರ್ಷ ಬರೆಯುವುದೇ ನಿಂತುಹೋಗಿತ್ತು. ಡಾಕ್ಟರ್ ದಾಲ್ ಎಂಬಾತ ಚಿಕಿತ್ಸೆ ಕೊಟ್ಟ ಮೇಲೆ ಬಂದದ್ದು ಎರಡನೆಯ ಪಿಯಾನೋ ಕನ್ಸರ್ಟೊ. ಕನ್ಸರ್ಟೊ ಅಂದರೆ ಒಂದು ವಾದ್ಯಕ್ಕೂ ಇಡೀ ವಾದ್ಯವೃಂದಕ್ಕೂ ನಡೆಯುವ ಸಂವಾದ. 1901ರಲ್ಲಿ ಅದು ಪೂರ್ತಿಯಾಗಿ ನುಡಿದಾಗ ಅವನು ಮತ್ತೆ ಹುಟ್ಟಿದಂತಾಯಿತು. ಅದನ್ನು ಅರ್ಪಿಸಿದ್ದು ಆ ಡಾಕ್ಟರಿಗೇ. ಗಂಟೆ ಬಡಿದ ಹಾಗೆ ಪಿಯಾನೋ ಒಂದೇ ಆರಂಭಿಸುತ್ತದೆ, ನೀವೂ ಕೇಳಿ ನೋಡಿ. 1917ರಲ್ಲಿ ರಷ್ಯ ಬಿಟ್ಟ ಮೇಲೆ ವಾದಕನಾಗಿ ಊರೂರು ಸುತ್ತಿದ. ಹೊಸದಾಗಿ ಬರೆದದ್ದು ಕಡಿಮೆ. ಮನೆ ಕಳಕೊಂಡವನ ನೆನಪೇ ಅವನ ಸಂಗೀತ ಅಂತ ನನಗೆ ಅನ್ನಿಸುತ್ತದೆ.

ಸ್ಕ್ರಿಯಾಬಿನ್ (1872-1915) ಹಾಗಲ್ಲ, ಮನೆಗೇ ಬೆಂಕಿ ಇಟ್ಟವನು. ಮೊದಮೊದಲು ಶೋಪಿನ್ನನ ಹಾಗೆ ನಯವಾಗಿ ಬರೆಯುತ್ತಿದ್ದವನು ಬರಬರುತ್ತಾ ಷಡ್ಜವೇ ತಿಳಿಯದಂತಹ ಸ್ವರಗುಚ್ಛಗಳನ್ನು ಕಟ್ಟಿದ. 1910ರ ಪ್ರೊಮೀಥಿಯಸ್ ಎಂಬ ಕೃತಿಯಲ್ಲಿ ಸ್ವರದ ಜೊತೆಗೆ ಬಣ್ಣದ ಬೆಳಕಿಗೂ ಒಂದು ಸಾಲು ಬರೆದಿಟ್ಟ. ನಮಗೆ ಕುತೂಹಲದ ಸಂಗತಿ ಇನ್ನೊಂದಿದೆ. ಹಿಮಾಲಯದ ತಪ್ಪಲಲ್ಲಿ ಸಂಗೀತ, ನೃತ್ಯ, ಬೆಳಕು, ಪರಿಮಳ ಎಲ್ಲ ಸೇರಿದ ಒಂದು ಮಹಾಕೃತಿ ನಡೆಯಬೇಕು, ಅದರಿಂದ ಮನುಷ್ಯಕುಲವೇ ಮಾರ್ಪಡಬೇಕು ಅಂತ ಅವನ ಕನಸು. ಭಾರತಕ್ಕೆ ಅವನು ಬರಲೇ ಇಲ್ಲ. ತುಟಿಯ ಮೇಲಿನ ಒಂದು ಹುಣ್ಣು ನಂಜಾಗಿ 43ನೆಯ ವಯಸ್ಸಿಗೇ ತೀರಿಕೊಂಡ.

ಮೂರನೆಯವನು ಮೆಟ್ನರ್ (1880-1951). ಇವನ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹದಿನಾಲ್ಕು ಪಿಯಾನೋ ಸೊನಾಟ, ಮೂರು ಕನ್ಸರ್ಟೊ, 'ಕಥೆಗಳು' ಎಂದೇ ಅವನು ಕರೆದ ಹಲವಾರು ಸಣ್ಣ ಪಿಯಾನೋ ಕೃತಿಗಳು. ಪಿಯಾನೋ ಇಲ್ಲದ ಕೃತಿಯನ್ನೇ ಅವನು ಪ್ರಕಟಿಸಲಿಲ್ಲ. ಒಂದು ಪುಟ್ಟ ಸ್ವರವಾಕ್ಯ ಹಿಡಿದು ಅದನ್ನು ತಿರುಗಿಸಿ, ಹೆಣೆದು, ಒಳಗಿಂದ ಬೆಳೆಸುವುದು ಅವನ ರೀತಿ. ಮೊದಲ ಸಲ ಕೇಳಿದರೆ ಏನೂ ಸಿಗುವುದಿಲ್ಲ. ಮೂರನೆಯ ಸಲ ಬಿಡುವುದಿಲ್ಲ. ಆಧುನಿಕರ ದಾರಿ ತಪ್ಪು ಎಂದು ಅವನು ಒಂದು ಪುಸ್ತಕವನ್ನೇ ಬರೆದ. 1935ರಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ್ದು ರಾಖ್ಮನಿನೋವನ ಪ್ರಕಾಶನ. ಇವರಿಬ್ಬರ ಸ್ನೇಹ ಎಂಥದು ಅಂದರೆ, ಮೆಟ್ನರ್ ತನ್ನ ಎರಡನೆಯ ಕನ್ಸರ್ಟೊವನ್ನು ರಾಖ್ಮನಿನೋವನಿಗೆ, ಅವನು ತನ್ನ ನಾಲ್ಕನೆಯದನ್ನು ಇವನಿಗೆ ಅರ್ಪಿಸಿದರು. ಆದರೆ ಸ್ನೇಹಿತನಿಗೆ ಸಿಕ್ಕ ಜನ ಇವನಿಗೆ ಸಿಗಲಿಲ್ಲ. 1935ರಿಂದ ಲಂಡನ್ನಿನಲ್ಲಿ ನೆಲೆಸಿದವನಿಗೆ ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು. ಹೃದಯದ ಕಾಯಿಲೆ ಬೇರೆ.

ಇಲ್ಲಿ ಕಥೆ ಮೈಸೂರಿಗೆ ಬರುತ್ತದೆ. ಜಯಚಾಮರಾಜ ಒಡೆಯರ್ (1919-1974) ಪಿಯಾನೋ ವಾದಕರಾಗಬೇಕೆಂದಿದ್ದವರು. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡು, ಇಪ್ಪತ್ತೊಂದನೆಯ ವಯಸ್ಸಿಗೇ ಸಿಂಹಾಸನ ಹೆಗಲಿಗೆ ಬಂತು. ಪಿಯಾನೋ ಪಕ್ಕಕ್ಕೆ ಸರಿಯಿತು, ಆಸೆ ಸರಿಯಲಿಲ್ಲ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಮಾಡಿತು. ಆಮೇಲೆ ಅವರು ಮಾಡಿದ ಕೆಲಸ, ಮೆಟ್ನರ್ ಸೊಸೈಟಿಗೆ ಹಣ ಕೊಟ್ಟದ್ದು. ಅರವತ್ತೇಳು ದಾಟಿದ, ಕಾಯಿಲೆಯ ಮೆಟ್ನರ್ ಎಚ್.ಎಂ.ವಿ. ಸ್ಟುಡಿಯೋದಲ್ಲಿ ಕೂತು ತನ್ನ ಮೂರೂ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ತಾನೇ ನುಡಿಸಿದ. ಆಗಿನ 78 ಸುತ್ತಿನ ತಟ್ಟೆಯಲ್ಲಿ ಒಂದು ಮೈಗೆ ನಾಲ್ಕೈದು ನಿಮಿಷ ಅಷ್ಟೇ ಹಿಡಿಯುತ್ತಿತ್ತು. ಒಂದೊಂದು ಕನ್ಸರ್ಟೊವನ್ನು ತುಂಡುತುಂಡಾಗಿ ನುಡಿಸಬೇಕು, ಕೇಳುವವರು ತಟ್ಟೆ ತಿರುವುತ್ತಾ ಜೋಡಿಸಿಕೊಳ್ಳಬೇಕು. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಆ ಧ್ವನಿಮುದ್ರಣ ಆಗದೆ ಹೋಗಿದ್ದರೆ ಆ ಕೈಗಳಲ್ಲಿ ಆ ಕನ್ಸರ್ಟೊಗಳು ಹೇಗಿದ್ದವು ಅಂತ ಇವತ್ತು ನಮಗೆ ತಿಳಿಯುತ್ತಿರಲಿಲ್ಲ.

1948ರಲ್ಲಿ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ನಾಲ್ಕು ಕೊನೆಯ ಹಾಡುಗಳು ಮೊದಲ ಬಾರಿ ಕೇಳಿಸಿದಾಗ ಖರ್ಚಿಗೆ ಜಾಮೀನು ನಿಂತವರೂ ಅವರೇ. ಬರೆದ ಸ್ಟ್ರೌಸ್ ಹಿಂದಿನ ವರ್ಷವೇ ತೀರಿಹೋಗಿದ್ದ. ಮಹಾರಾಜರೂ ಹೋಗಲಾಗಲಿಲ್ಲ. ಸ್ಟ್ರೌಸನೂ ಮೆಟ್ನರನ ಹಾಗೆ, ಕಾಲ ಮುಂದೆ ಹೋಯಿತು ಅಂತ ಜನ ಹೇಳುವಾಗ ಹಳೆಯ ಮನೆಯಲ್ಲೇ ದೀಪ ಹಚ್ಚಿಟ್ಟವನು.

ಇಷ್ಟು ಹೇಳುವಾಗ ಗೆಳೆಯ ತಡೆದ. "ರಾಜರ ರೊಕ್ಕ ಅಂದ್ರ ಯಾರ ರೊಕ್ಕ ಅದು?" ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ನಾನು ಹೇಳಬಲ್ಲದ್ದು ಇಷ್ಟೆ: ಆ ಹಣದಿಂದ ಬಂದದ್ದು ತಿಜೋರಿಯಲ್ಲಿಡುವ ಒಡವೆಯಲ್ಲ. ಮೆಹದಿಪಟ್ಟಣಂನ ಬಾಡಿಗೆ ರೂಮಿನಲ್ಲಿ ನಾವೂ ಅದನ್ನು ಕೇಳಿದೆವು.

ಆದರೆ ಮೂವರಲ್ಲಿ ಮಹಾರಾಜರು ಮೆಟ್ನರನ ಕೈ ಹಿಡಿದದ್ದು ಯಾಕೆ? ನನ್ನ ಊಹೆ ಹೀಗಿದೆ. ಅವರು ಸ್ವತಃ ವಾಗ್ಗೇಯಕಾರರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಕರ್ನಾಟಕ ಸಂಗೀತ ಬಲ್ಲವರು ಯಾರೂ "ಕಲ್ಯಾಣಿ ಹಳೆಯದಾಯಿತು, ಬಿಡಿ" ಅನ್ನುವುದಿಲ್ಲ. ರಾಗ ಹಳೆಯದಿರಬಹುದು, ಅದರೊಳಗೆ ಯಾರೂ ಕಾಲಿಡದ ಮೂಲೆ ಇದ್ದೇ ಇರುತ್ತದೆ. ವ್ಯಾಕರಣ ಮುರಿಯದೆ ಹೊಸ ಮಾತು ಹುಡುಕುವ ಮೆಟ್ನರನಲ್ಲಿ ಅವರಿಗೆ ತಮ್ಮ ಮನೆಯವನೇ ಕಂಡಿರಬೇಕು.

ನಾವು ಕನ್ನಡ ವಿದ್ಯಾರ್ಥಿಗಳು ಇದನ್ನು ನವೋದಯ-ನವ್ಯದ ಜಗಳವಾಗಿ ಬಲ್ಲೆವು. 1954ರಲ್ಲಿ ಅಡಿಗರ 'ಚಂಡೆಮದ್ದಳೆ' ಬಂದ ಮೇಲೆ ಹಳೆಯ ಲಯದಲ್ಲಿ ಬರೆಯುವವರೆಲ್ಲ ಹಿಂದುಳಿದವರು ಎಂಬ ಮಾತು ಹುಟ್ಟಿತು. ಅಡಿಗರ ಕಾವ್ಯ ಬೇಕೇ ಬೇಕಿತ್ತು, ಸ್ಕ್ರಿಯಾಬಿನ್ ಬೇಕಿದ್ದ ಹಾಗೆ. ಆದರೆ ಮುಂದೆಯೂ ಬರೆಯುತ್ತಲೇ ಇದ್ದ ಪು.ತಿ.ನ., ಬೇಂದ್ರೆ ಸುಳ್ಳಾಗಲಿಲ್ಲ. ದೊಡ್ಡವರು ಯಾರು ಅನ್ನೋದಕ್ಕಿಂತ, ಹಿಡಿದ ದಾರಿಯಲ್ಲಿ ಕೊನೆತನಕ ನಡೆದವರು ಯಾರು ಅಂತ ಕೇಳಬೇಕು. ಹಾಗೆ ಕೇಳಿದರೆ ಮೂವರೂ ನಡೆದವರೇ.

ಕೊನೆಗೆ ಒಂದು ತಪ್ಪೊಪ್ಪಿಗೆ. ಹಿಂದಿನ ಸಂಚಿಕೆಗೆ ನಮ್ಮ ಕೂಟದವನೇ ಒಬ್ಬ ಷಟ್ಪದಿಯಲ್ಲಿ ಒಂದು ಪದ್ಯ ತಂದಿದ್ದ. ಊರು ಬಿಟ್ಟು ಈ ಪಟ್ಟಣಕ್ಕೆ ಬಂದದ್ದರ ಬಗ್ಗೆ. ನಾನು ಪೂರ್ತಿ ಓದಲೂ ಇಲ್ಲ, "ಯಾವ ಕಾಲದಲ್ಲಿದ್ದೀಯೋ ಮಾರಾಯ" ಅಂತ ಎಲ್ಲರೆದುರು ನಕ್ಕೆ. ಅವನೂ ನಕ್ಕ, ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಏನೂ ತಂದಿಲ್ಲ. ಗೆಳೆಯಾ, ಇದನ್ನು ಓದುತ್ತಿದ್ದರೆ ಮುಂದಿನ ಭಾನುವಾರ ಬಾ. ಆ ಹಾಳೆ ಇನ್ನೂ ಇದ್ದರೆ ತಾ. ಈ ಸಲ ಮೂರು ಸಲ ಓದುತ್ತೇನೆ.